ಉಸಿರು ಕಟ್ಟಿ ಆಡಿದವರ ಲೆಕ್ಕ

2016ರ ಅಕ್ಟೋಬರ್ 8. ಎರಡನೆಯ ಶನಿವಾರವಾದ್ದರಿಂದ ಬ್ಯಾಂಕಿಗೆ ರಜೆ. ನವರಾತ್ರಿಯ ದಿನಗಳು ಬೇರೆ. ಕಾಂದಿವಲಿಯ ಗಲ್ಲಿಗಲ್ಲಿಯಲ್ಲೂ ಗರ್ಬಾದ ಗದ್ದಲ. ಚಾರ್ಕೋಪಿನಲ್ಲಿರುವ ನನ್ನ ಗೆಳೆಯನ ಮನೆಯಲ್ಲಿ ಕಿಟಕಿ ಮುಚ್ಚಿ, ಟಿ.ವಿ.ಯ ಧ್ವನಿ ಏರಿಸಿ ನಾವಿಬ್ಬರೂ ಕಬಡ್ಡಿ ನೋಡುತ್ತಾ ಕೂತಿದ್ದೆವು. ಅಹಮದಾಬಾದಿನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಹಿಂದಿನ ದಿನವಷ್ಟೇ ಭಾರತ ಕೊರಿಯಾದ ಎದುರು 32-34ರಲ್ಲಿ ಸೋತು ಮರ್ಯಾದೆ ಕಳಕೊಂಡಿತ್ತು. ಈ ದಿನ ಎದುರಾಳಿ ಆಸ್ಟ್ರೇಲಿಯ.

ಆಸ್ಟ್ರೇಲಿಯದವರು ಕಬಡ್ಡಿ ಆಡುವುದೇ ಒಂದು ತಮಾಷೆ ಅಂದುಕೊಂಡಿದ್ದೆ. ಆಳುಗಳೇನೋ ಗಟ್ಟಿಮುಟ್ಟು, ಒಬ್ಬೊಬ್ಬರ ಭುಜ ನಮ್ಮ ಇಬ್ಬರದಷ್ಟು. ಆದರೆ ಗೆಳೆಯ ಎರಡೇ ನಿಮಿಷ ನೋಡಿ ಹೇಳಿದ: "ಮಾರಾಯಾ, ಇವರದ್ದು ಓಡುವ ಕಾಲು, ಬಗ್ಗುವ ಕಾಲಲ್ಲ. ಸೊಂಟ ಇಳಿಸಲಿಕ್ಕೇ ಬರುವುದಿಲ್ಲ ನೋಡು." ಅವನು ಹೇಳಿದಂತೆಯೇ ಆಯಿತು. ಭಾರತ 54-20ರಲ್ಲಿ ಗೆದ್ದಿತು.

ಆ ತಂಡದ ನಾಯಕ ಕ್ಯಾಂಪ್‌ಬೆಲ್ ಬ್ರೌನ್ ಯಾರೆಂದು ಆಮೇಲೆ ಹುಡುಕಿ ಓದಿದೆ. ಆತ ಕಬಡ್ಡಿಯವನೇ ಅಲ್ಲ. ಆಸ್ಟ್ರೇಲಿಯನ್ ರೂಲ್ಸ್ ಎಂಬ ಅವರದೇ ಫುಟ್‌ಬಾಲಿನಲ್ಲಿ ಹಾಥಾರ್ನ್ ಮತ್ತು ಗೋಲ್ಡ್ ಕೋಸ್ಟ್ ಕ್ಲಬ್ಬುಗಳ ಪರವಾಗಿ ಇನ್ನೂರಕ್ಕೂ ಹೆಚ್ಚು ಲೀಗ್ ಪಂದ್ಯ ಆಡಿದವನು. 2008ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವನು. 2013ಕ್ಕೆ, ಮೂವತ್ತರ ಹೊಸ್ತಿಲಲ್ಲೇ, ಅವನ ವೃತ್ತಿ ಮುಗಿದಿತ್ತು. ಮೂವತ್ತಕ್ಕೆ ನಿವೃತ್ತಿ! ನಮ್ಮ ಬ್ಯಾಂಕಿನಲ್ಲಿ ಆ ವಯಸ್ಸಿಗೆ ಕೆಲವರಿಗೆ ಮೊದಲ ಬಡ್ತಿಯೂ ಸಿಕ್ಕಿರುವುದಿಲ್ಲ.

ಇದನ್ನು ಹೇಳಿದಾಗ ಗೆಳೆಯ ತನ್ನ ಎರಡು ಮಂಡಿಗಳ ಮೇಲೆ ಕೈಯಿಟ್ಟುಕೊಂಡು ನಕ್ಕ. ಯಾಕೆ ನಕ್ಕ ಎನ್ನುವುದೇ ಈ ಬರಹದ ವಿಷಯ.

ಆಸ್ಟ್ರೇಲಿಯದ ಆ ಆಟದ ಬಗ್ಗೆ ಎರಡು ಮಾತು. 1859ರಲ್ಲಿ ಮೆಲ್ಬರ್ನಿನ ಒಂದು ಕ್ಲಬ್ಬು ಅದರ ನಿಯಮಗಳನ್ನು ಬರೆದಿಟ್ಟಿತು. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆಗೆ 18 ಜನ. ಗೋಲಿಗೆ ಆರು ಅಂಕ. ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಎದುರಾಳಿಯ ಮೈಮೇಲೆ ಬೀಳಬಹುದು. ಆ ದೇಶ ಬಿಟ್ಟರೆ ಬೇರೆ ಕಡೆ ಅದು ಅಷ್ಟಾಗಿ ಬೇರು ಬಿಡಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅದನ್ನು ಪ್ರದರ್ಶನಕ್ಕೆಂದು ಆಡಿ ತೋರಿಸಿದರು, ಅಷ್ಟೇ. ನಮ್ಮ ಕಬಡ್ಡಿಯ ಹಣೆಬರಹವೂ ಅದೇ. 1936ರ ಬರ್ಲಿನ್ ಒಲಿಂಪಿಕ್ಸಿನ ಹೊತ್ತಿಗೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿ ಕಬಡ್ಡಿ ಆಡಿ ತೋರಿಸಿ ಬಂದರು. ಜನ ಚಪ್ಪಾಳೆ ತಟ್ಟಿದರು, ಪದಕದ ಪಟ್ಟಿಗೆ ಸೇರಿಸಿಕೊಳ್ಳಲಿಲ್ಲ.

ಇನ್ನೊಂದು ಹೋಲಿಕೆಯೂ ಇದೆ. ಆಸ್ಟ್ರೇಲಿಯದ ಆಟಗಾರರೂ ಬಹಳ ವರ್ಷ ವಾರವಿಡೀ ಬೇರೆ ಕಡೆ ದುಡಿದು ಶನಿವಾರ ಆಡುತ್ತಿದ್ದವರು. 1930ರಲ್ಲಿ ಅಲ್ಲಿನ ಲೀಗು ಒಂದು ಕಟ್ಟಳೆ ಮಾಡಿ, ಒಬ್ಬ ಆಟಗಾರನಿಗೆ ಪಂದ್ಯವೊಂದಕ್ಕೆ ಮೂರು ಪೌಂಡಿಗಿಂತ ಹೆಚ್ಚು ಕೊಡಬಾರದೆಂದಿತು. ಆಟಗಾರರು ಸಂಘ ಕಟ್ಟಿಕೊಂಡದ್ದು 1973ರಲ್ಲಿ. ಕ್ಲಬ್ಬುಗಳು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿ ಬಂದದ್ದು 1986ರಲ್ಲಿ. ಪೂರ್ತಿ ವೃತ್ತಿಯಾದದ್ದು ಅದರ ನಂತರವೇ. ಅಂದರೆ ಕೆಲಸದ ಜೊತೆ ಆಟ ಎನ್ನುವ ಸ್ಥಿತಿಯಿಂದ ಆಟವೇ ಕೆಲಸ ಎನ್ನುವ ಸ್ಥಿತಿಗೆ ಬರಲು ಅವರಿಗೆ ಸುಮಾರು ನೂರು ವರ್ಷ ಹಿಡಿಯಿತು. ನಮ್ಮ ಕಬಡ್ಡಿ ಅದೇ ದಾರಿಯನ್ನು ನಾಲ್ಕೈದು ವರ್ಷದಲ್ಲಿ ಹಾರಿತು. ಹಾರಿದ್ದು ಸರಿ. ಎಲ್ಲಿ ಇಳಿಯಿತು ಎನ್ನುವುದನ್ನು ನೋಡಬೇಕು.

ನಾನು ಎಂಕಾಂ ಮುಗಿಸಿ 1982ರಲ್ಲಿ ಬ್ಯಾಂಕಿಗೆ ಸೇರಿ, ಎರಡು ವರ್ಷದ ಮೇಲೆ ಮುಂಬಯಿಗೆ ಬಂದವನು. ಗೆಳೆಯನೂ ಕರಾವಳಿಯವನೇ, ನಮ್ಮ ಊರಿಂದ ನಾಲ್ಕು ಮೈಲಿ ಆಚೆಯವನು. ನಾನು ಪರೀಕ್ಷೆ ಬರೆದು ಬಂದೆ, ಅವನು ಕಬಡ್ಡಿ ಆಡಿ ಬಂದ. ಅವನನ್ನು ಕ್ರೀಡಾ ಕೋಟಾದಲ್ಲಿ ಗುಮಾಸ್ತನಾಗಿ ತೆಗೆದುಕೊಂಡಿದ್ದರು.

ಆಗಿನ ಮುಂಬಯಿಯ ಕಬಡ್ಡಿಯನ್ನು ಊರಿನವರಿಗೆ ಹೇಗೆ ವಿವರಿಸುವುದು? ಲೋವರ್ ಪರೇಲ್, ಪ್ರಭಾದೇವಿ ಕಡೆಯ ಗಿರಣಿ ಚಾಳುಗಳ ನಡುವೆ ಕೆಂಪು ಮಣ್ಣಿನ ಅಂಕಣ. ರಾತ್ರಿ ದೀಪ ಹಾಕಿ ಆಟ. ಪಾಳಿ ಮುಗಿಸಿ ಬಂದ ಕಾರ್ಮಿಕರು ಟಿಫಿನ್ ಡಬ್ಬಿ ಬದಿಗಿಟ್ಟು ನಿಂತು ನೋಡುತ್ತಿದ್ದರು. ಹಳಬರ ಬಾಯಲ್ಲಿ ಅದು ಇನ್ನೂ ಹುತುತು. ಚಾಳಿನ ಮಂಡಳದಲ್ಲಿ ಚೆನ್ನಾಗಿ ಆಡಿದ ಹುಡುಗನ ಮೇಲೆ ಕಂಪನಿಗಳ ಕಣ್ಣು ಬೀಳುತ್ತಿತ್ತು. ರೈಲ್ವೆ, ಪೊಲೀಸ್, ಬ್ಯಾಂಕು, ತೈಲ ಕಂಪನಿ, ಕಾರ್ಖಾನೆ, ಹೀಗೆ ಎಲ್ಲರಿಗೂ ಒಂದೊಂದು ತಂಡ. ಆಟಗಾರನಿಗೆ ಆಟಕ್ಕೆಂದು ಸಂಬಳವಿಲ್ಲ, ಕೆಲಸಕ್ಕೆ ಸಂಬಳ. ಆಟವನ್ನು ನಡೆಸುವ ಒಕ್ಕೂಟದ ಹೆಸರಿನಲ್ಲೇ 'ಅಮೆಚೂರ್' ಎಂಬ ಶಬ್ದ ಇತ್ತು. ಅಂದರೆ ಹವ್ಯಾಸಿ. ಏಷ್ಯನ್ ಗೇಮ್ಸಿನಲ್ಲಿ 1990ರಿಂದ 2014ರವರೆಗೆ ನಡೆದ ಏಳು ಕೂಟಗಳಲ್ಲಿ ಏಳು ಚಿನ್ನ ತಂದವರೆಲ್ಲ ಕಾಗದದ ಮೇಲೆ ಗುಮಾಸ್ತರು, ಪೇದೆಗಳು, ಟಿಕೆಟ್ ಕಲೆಕ್ಟರುಗಳು!

ಗೆಳೆಯ ಬೆಳಿಗ್ಗೆ ಕೌಂಟರಿನಲ್ಲಿ ಕೂರುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಅಭ್ಯಾಸಕ್ಕೆ ಹೋಗಲು ಅಪ್ಪಣೆ. ಪಂದ್ಯಾವಳಿ ಇದ್ದರೆ ಹತ್ತು ದಿನ ಪತ್ತೆಯಿಲ್ಲ. ಉಳಿದವರಿಗೆ ಹೊಟ್ಟೆಯುರಿ. ಅರ್ಧ ವಾರ್ಷಿಕ ಲೆಕ್ಕದ ದಿನಗಳಲ್ಲಿ ನಾವು ರಾತ್ರಿ ಹತ್ತಕ್ಕೆ ಚರ್ಚ್‌ಗೇಟಿನಿಂದ ಲೋಕಲ್ ಹಿಡಿಯುವಾಗ, "ಅವನಿಗೇನಪ್ಪ, ಕಬಡ್ಡಿ ಕಬಡ್ಡಿ ಅಂದರೆ ಸಂಬಳ ಬರುತ್ತೆ" ಎಂದು ಗೊಣಗಿದವರಲ್ಲಿ ನಾನೂ ಒಬ್ಬ.

1994ರಲ್ಲಿ ನಾನು ಆ ಶಾಖೆಯ ಅಕೌಂಟೆಂಟ್. ಗೆಳೆಯ ಅಧಿಕಾರಿ ಹುದ್ದೆಯ ಬಡ್ತಿಗೆ ಅರ್ಜಿ ಹಾಕಿದ್ದ. ಅವನ ಕೆಲಸದ ಬಗ್ಗೆ ನಾನೊಂದು ಟಿಪ್ಪಣಿ ಬರೆಯಬೇಕಿತ್ತು. "ಪ್ರಾಮಾಣಿಕ, ಶಿಸ್ತಿನವರು. ಮುಂಗಡ ಹಾಗೂ ವಿದೇಶಿ ವಿನಿಮಯ ವಿಭಾಗಗಳ ಅನುಭವ ಸಾಲದು" ಎಂದು ಬರೆದೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅನುಭವ ಯಾಕೆ ಸಾಲದು? ಹತ್ತು ವರ್ಷ ಅವನನ್ನು ಎರಡು ಗಂಟೆಗೆ ಎಬ್ಬಿಸಿ ಮೈದಾನಕ್ಕೆ ಕಳಿಸಿದ್ದು ನಾವೇ ಅಲ್ಲವೇ? ಅವನು ಗೆದ್ದು ತಂದ ಫಲಕಗಳು ಮ್ಯಾನೇಜರರ ಕೋಣೆಯ ಕಪಾಟಿನಲ್ಲಿದ್ದವು. ಆ ಸಾಲನ್ನು ನಾನು ಬರೆಯಲಿಲ್ಲ. ಬಡ್ತಿ ಸಿಗಲಿಲ್ಲ. ಮರುವರ್ಷ ಬಲಮಂಡಿ ಕೈಕೊಟ್ಟಿತು, ಆಟವೂ ನಿಂತಿತು. ಅವನು ಗುಮಾಸ್ತನಾಗಿಯೇ ನಿವೃತ್ತನಾದ.

ಈ ವಿಷಯ ನಾನು ಬಾಯಿಬಿಟ್ಟದ್ದು ಅದೇ 2016ರ ಸಂಜೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಆಗಲೇ ಗೊತ್ತಿತ್ತು. ನೀನು ಬರೆದದ್ದು ಸುಳ್ಳಲ್ಲವಲ್ಲ" ಎಂದ. ಆಮೇಲೆ ಅವನ ಹೆಂಡತಿ ಚಹಾ ತಂದರು. ಮಾತು ಬೇರೆ ಕಡೆ ತಿರುಗಿತು.

ಈಗ ಕಾಂದಿವಲಿಗೇ ಬರೋಣ. ಪೂರ್ವಕ್ಕೆ ಆಕುರ್ಲಿ ರಸ್ತೆಯಲ್ಲಿ ಮಹೀಂದ್ರದವರ ದೊಡ್ಡ ಕಾರ್ಖಾನೆ ಇದೆ; 1960ರ ದಶಕದಲ್ಲಿ ಟ್ರ್ಯಾಕ್ಟರ್ ಮಾಡಲು ಶುರುವಾದದ್ದು. ಅದೇ ಬದಿಯಲ್ಲಿ ಕೇಂದ್ರ ಸರಕಾರದ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವೂ ಇದೆ. ಈ ಕಂಪನಿ 1962ರಿಂದ ಫುಟ್‌ಬಾಲ್ ತಂಡ ಸಾಕಿತ್ತು. ಮಹೀಂದ್ರ ಯುನೈಟೆಡ್ ಎಂಬ ಹೆಸರಿನಲ್ಲಿ ಆ ತಂಡ 2005-06ರ ರಾಷ್ಟ್ರೀಯ ಲೀಗನ್ನು ಗೆದ್ದಿತು. ನಾಲ್ಕೇ ವರ್ಷದ ಮೇಲೆ, 2010ರಲ್ಲಿ, ತಂಡವನ್ನು ಮುಚ್ಚಿ ಶಾಲಾ ಮಕ್ಕಳ ಫುಟ್‌ಬಾಲಿಗೆ ಗಮನ ಕೊಡುವುದೆಂದು ತೀರ್ಮಾನವಾಯಿತು. ರಾಷ್ಟ್ರದ ಚಾಂಪಿಯನ್ನರಾಗಿದ್ದರೂ ಒಂದು ತಂಡ ಹೀಗೆ ಇಲ್ಲವಾಗಬಹುದೆಂದು ಮುಂಬಯಿಯ ಆಟಗಾರರಿಗೆ ಆಗ ಗೊತ್ತಾಯಿತು.

ಅದೇ ಆನಂದ್ ಮಹೀಂದ್ರ ಅವರು, ಕ್ರೀಡಾ ನಿರೂಪಕ ಚಾರು ಶರ್ಮ ಅವರ ಜೊತೆ ಸೇರಿ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುಮಾಡಿದರು. ಜುಲೈ 26ರಂದು ವರ್ಲಿಯ ಒಳಾಂಗಣದಲ್ಲಿ ಮೊದಲ ಪಂದ್ಯ: ಯು ಮುಂಬಾ ಮತ್ತು ಜೈಪುರ. ಮಣ್ಣಿನ ಬದಲು ಮ್ಯಾಟು, ಚಡ್ಡಿ ಬನಿಯನ್ ಬದಲು ಬಣ್ಣದ ಅಂಗಿ, ಒಂದು ದಾಳಿಗೆ 30 ಸೆಕೆಂಡು. ಗೆಳೆಯ ಟಿ.ವಿ.ಯಲ್ಲಿ ನೋಡಿ ಕಣ್ಣೊರೆಸಿಕೊಂಡ. ಸಂತೋಷಕ್ಕೋ ಬೇಸರಕ್ಕೋ ಅಂತ ನಾನು ಕೇಳಲಿಲ್ಲ.

ಹಣದ ಲೆಕ್ಕ ನೋಡಿ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರೈಲ್ವೆಯ ರಾಕೇಶ್ ಕುಮಾರ್ ಅವರಿಗೆ, 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ 1.51 ಕೋಟಿ. 2023ರಲ್ಲಿ ಪವನ್ ಸೆಹ್ರಾವತ್ 2.605 ಕೋಟಿ. ಒಂಬತ್ತು ವರ್ಷದಲ್ಲಿ ಇಪ್ಪತ್ತು ಪಟ್ಟು! ಯಾವ ಠೇವಣಿಯೂ ಹೀಗೆ ಬೆಳೆಯುವುದಿಲ್ಲ.

ನಮ್ಮವರ ಹೆಸರೂ ಆ ಪಟ್ಟಿಯಲ್ಲಿ ಬಂತು. ಮುಂಬಯಿಯಲ್ಲೇ ಬೆಳೆದ ರಿಶಾಂಕ್ ದೇವಾಡಿಗ ಮೊದಲು ದೇನಾ ಬ್ಯಾಂಕ್, ಆಮೇಲೆ ಭಾರತ್ ಪೆಟ್ರೋಲಿಯಂ ತಂಡದಲ್ಲಿ ಆಡಿದವರು. ದೇವಾಡಿಗ ಎಂಬ ಹೆಸರು ಕೇಳಿದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುವುದು ಸಹಜ. ಯು ಮುಂಬಾ ತಂಡ 2015ರಲ್ಲಿ ಬೆಂಗಳೂರು ಬುಲ್ಸ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಾಗ ಅವರು ಅದರಲ್ಲಿದ್ದರು. ಕಾಂದಿವಲಿಯ ನಮ್ಮ ಕನ್ನಡ ಮನೆಗಳಲ್ಲಿ ಆ ರಾತ್ರಿ ಯಾರ ಪರ ನಿಲ್ಲಬೇಕೆಂದು ಗೊತ್ತಾಗದೆ ಒದ್ದಾಟ! 2017ರಲ್ಲಿ ಉತ್ತರ ಪ್ರದೇಶದ ಯೋಧಾ ತಂಡಕ್ಕೆ ಆಡುತ್ತ ಜೈಪುರದ ಎದುರು ಒಂದೇ ಪಂದ್ಯದಲ್ಲಿ ದಾಳಿಯಿಂದ 28 ಅಂಕ ಗಳಿಸಿದರು. 2018ರ ಜನವರಿಯಲ್ಲಿ ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ ಹನ್ನೊಂದು ವರ್ಷಗಳ ಮೇಲೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಹರಾಜಿನಲ್ಲಿ ಅವರಿಗೆ 1.11 ಕೋಟಿ. ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ ಅವರಿಗೆ 79 ಲಕ್ಷ. ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ ಗುಜರಾತ್ ತಂಡಕ್ಕೆ ನಾಯಕರಾದರು.

ಈಗ ನನ್ನೊಳಗಿನ ಬ್ಯಾಂಕಿನವನು ಸುಮ್ಮನಿರುವುದಿಲ್ಲ. ಒಬ್ಬ ಆಟಗಾರನಿಗೆ ಒಂದು ವರ್ಷ 1.11 ಕೋಟಿ ಬಂತು ಅನ್ನಿ. ತೆರಿಗೆ ಎಲ್ಲ ಕಳೆದು 70 ಲಕ್ಷ ಕೈಗೆ ಉಳಿಯಿತೆಂದು ಇಟ್ಟುಕೊಳ್ಳೋಣ. ಒಂದು ಪೈಸೆ ಮುಟ್ಟದೆ ಶೇಕಡಾ 7ರ ಬಡ್ಡಿಗೆ ಠೇವಣಿ ಇಟ್ಟರೆ ತಿಂಗಳಿಗೆ ಸುಮಾರು 40,800 ರೂಪಾಯಿ. ಕೆಟ್ಟದ್ದಲ್ಲ. ಆದರೆ ಕೋಟಿ ಕಂಡವರು ಬೆರಳೆಣಿಕೆಯವರು. ವರ್ಷಕ್ಕೆ ಆರು ಲಕ್ಷದಂತೆ ಮೂರು ವರ್ಷ ಆಡಿ ಮನೆಗೆ ಬಂದವನ ಲೆಕ್ಕ ನೋಡಿ: 18 ಲಕ್ಷ, ತಿಂಗಳ ಬಡ್ಡಿ 10,500. ಚಾರ್ಕೋಪಿನಲ್ಲಿ ಒಂದು ಖೋಲಿಯ ಬಾಡಿಗೆಗೂ ಸಾಲದು. ಗುಮಾಸ್ತನಾಗಿ ನಿವೃತ್ತನಾದ ನನ್ನ ಗೆಳೆಯನ ಪಿಂಚಣಿ ಇದಕ್ಕಿಂತ ಎಷ್ಟೋ ಹೆಚ್ಚು, ತುಟ್ಟಿಭತ್ಯೆ ಬೇರೆ. ಅವನು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ. ಹವ್ಯಾಸಿಯ ಮುದಿತನಕ್ಕೆ ಭದ್ರತೆ ಇತ್ತು, ವೃತ್ತಿಪರನ ಮುದಿತನಕ್ಕೆ ಇಲ್ಲ. ಇದು ಎಂಥಾ ವಿಚಿತ್ರ!

ಮೈಯ ಲೆಕ್ಕ ಇನ್ನೂ ಕಷ್ಟದ್ದು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್ ಅವರನ್ನು 2.265 ಕೋಟಿಗೆ ಕೊಂಡುಕೊಂಡಿತು. ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಅವರ ಮೊದಲ ಪಂದ್ಯ. ಆಟ ಬಿಸಿಯೇರುವ ಮೊದಲೇ ಮಂಡಿಗೆ ಪೆಟ್ಟು, ಸ್ಟ್ರೆಚರಿನಲ್ಲಿ ಹೊರಗೆ. ಆ ಇಡೀ ಋತು ಮತ್ತೆ ಆಡಲಿಲ್ಲ. ಅವರು ಮರುವರ್ಷ ಎದ್ದು ಬಂದು ಇನ್ನೂ ಹೆಚ್ಚಿನ ಬೆಲೆ ಪಡೆದರು, ದೊಡ್ಡ ಆಟಗಾರ. ಅದೇ ಪೆಟ್ಟು ಆರು ಲಕ್ಷದ ಹುಡುಗನಿಗೆ ಬಿದ್ದರೆ ಮರುವರ್ಷದ ಹರಾಜಿನಲ್ಲಿ ಅವನ ಹೆಸರು ಕೂಗುವವರು ಯಾರು? ಆಸ್ಟ್ರೇಲಿಯದಲ್ಲೂ ಈ ಪ್ರಶ್ನೆ ಬಂದಿದೆ. ಅಲ್ಲಿನ ಮಹಾನ್ ಆಟಗಾರ ಪಾಲಿ ಫಾರ್ಮರ್ 2019ರಲ್ಲಿ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ ನೋಡಿದಾಗ, ತಲೆಗೆ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಕಾಯಿಲೆಯ ಗುರುತು ಸಿಕ್ಕಿತು. ಅಲ್ಲಿ ಆಟಗಾರರ ಪರ ಕೇಳಲು ಸಂಘವಾದರೂ ಇದೆ.

ಹೆಣ್ಣುಮಕ್ಕಳ ಕಥೆ ಬೇರೆಯೇ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದವರು. 2014ರಲ್ಲಿ ಅರ್ಜುನ ಪ್ರಶಸ್ತಿ. ಬೆಂಗಳೂರಿನ ತೇಜಸ್ವಿನಿ ಬಾಯಿ ಅವರಿಗೂ ಅರ್ಜುನ ಬಂದಿದೆ. 2016ರಲ್ಲಿ ಮಹಿಳೆಯರಿಗೆಂದು ಮೂರು ತಂಡಗಳ ಒಂದು ಪುಟ್ಟ ಲೀಗು ನಡೆಯಿತು. ಅದರ ಫೈನಲಿನಲ್ಲಿ ಎದುರುಬದುರಾದ ನಾಯಕಿಯರು ಈ ಇಬ್ಬರೇ ಕರ್ನಾಟಕದವರು! ತೇಜಸ್ವಿನಿಯವರ ತಂಡ 24-23ರಲ್ಲಿ ಗೆದ್ದಿತು. ಅಷ್ಟಕ್ಕೇ ಆ ಲೀಗು ಮುಗಿಯಿತು, ಮರುವರ್ಷ ನಡೆಯಲಿಲ್ಲ. ಮಮತಾ ಅವರ ಬೆನ್ನಿಗೆ ನಿಂತದ್ದು ಊರಿನಿಂದ ದೂರ, ದಕ್ಷಿಣ ಮಧ್ಯ ರೈಲ್ವೆಯ ನೌಕರಿ. ಹರಾಜಿನ ಕೂಗು ಹೆಣ್ಣುಮಕ್ಕಳ ಪಾಲಿಗೆ ಬರಲಿಲ್ಲ, ಹಳೆಯ ಸರಕಾರಿ ನೌಕರಿಯೇ ಆಸರೆಯಾಯಿತು.

ಆದರೆ ಆ ಆಸರೆಯೂ ಸವೆಯುತ್ತಿದೆ. ನಮ್ಮ ಕರಾವಳಿ ದೇಶಕ್ಕೆ ಕೊಟ್ಟ ಬ್ಯಾಂಕುಗಳನ್ನೇ ನೋಡಿ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಕರಾವಳಿಯ ಎಷ್ಟೋ ಕಬಡ್ಡಿ ಹುಡುಗರಿಗೆ ಅನ್ನ ಕೊಟ್ಟಿತ್ತು. ಸುಕೇಶ್ ಹೆಗ್ಡೆಯೂ ಅದರ ತಂಡದವರೇ. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ರಿಶಾಂಕ್ ಆಡಿದ್ದ ದೇನಾ ಬ್ಯಾಂಕೂ ಅದೇ ದಿನ ಅದರಲ್ಲೇ ಸೇರಿತು. ಮರುವರ್ಷ ಅದೇ ತಾರೀಕಿಗೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ. ಮೂರು ಬ್ಯಾಂಕು ಒಂದಾದರೆ ಮೂರು ಕಬಡ್ಡಿ ತಂಡ ಒಂದಾಗುತ್ತದೆ ಎಂದು ಹೇಳಲು ಎಂಕಾಂ ಬೇಕಾಗಿಲ್ಲ. 2010ರ ಏಪ್ರಿಲಿನ ಮೇಲೆ ಸೇರಿದವರಿಗೆ ನಮ್ಮ ಹಳೆಯ ಪಿಂಚಣಿಯೂ ಇಲ್ಲ. ಮೈದಾನದಲ್ಲಿ ಕೇಳಿದರೆ ಹುಡುಗರು ಹೇಳುವುದು: ಈಗ ಬಹಳ ಕಡೆ ಕಾಯಂ ನೌಕರಿ ಇಲ್ಲ ಅಂಕಲ್, ಸ್ಟೈಪೆಂಡು, ಕಾಂಟ್ರಾಕ್ಟು.

ಆಟದೊಳಗೇ ಉಳಿದು ಮೇಲೆ ಬಂದವರೂ ಇದ್ದಾರೆ, ಇಲ್ಲವೆನ್ನಲಾರೆ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ 2001ರ ಅರ್ಜುನ ಪುರಸ್ಕೃತರು. ಅವರು ತರಬೇತಿ ಕೊಟ್ಟ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಲೀಗ್ ಗೆದ್ದವು. ಆದರೆ ಒಂದು ತಂಡಕ್ಕೆ ಒಬ್ಬ ಮುಖ್ಯ ತರಬೇತುದಾರ. ಉಳಿದವರು?

ಕಳೆದ ವರ್ಷ ನಮ್ಮ ಕಟ್ಟಡದ ಕನ್ನಡದ ಹೆಂಗಸೊಬ್ಬರು ಮಗನನ್ನು ಕರಕೊಂಡು ಬಂದರು. ಗಂಡ ಬೊರಿವಲಿಯ ಹೋಟೆಲಿನಲ್ಲಿ ಕ್ಯಾಶಿಯರ್. ಹುಡುಗನಿಗೆ ಹತ್ತೊಂಬತ್ತು, ಬಿಕಾಂ ಎರಡನೆಯ ವರ್ಷ, ಒಳ್ಳೆಯ ರೇಡರ್. ಲೀಗಿನ ತಂಡವೊಂದು ಆಯ್ಕೆಗೆ ಕರೆದಿತ್ತು. "ಅಣ್ಣಾ, ನೀವು ಬ್ಯಾಂಕಿನವರು. ಇವನು ಕಾಲೇಜು ಬಿಡ್ತೇನೆ ಅಂತಾನೆ. ಎಂತ ಮಾಡುವುದು ಹೇಳಿ" ಎಂದರು. ನಾನು ಮೇಲಿನ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಹುಡುಗ ಮರ್ಯಾದೆಗೆ ತಲೆಯಾಡಿಸಿದ. ಲೆಕ್ಕ ತಲೆಗೆ ಹೋಗಲಿಲ್ಲವೆಂದು ನನಗೂ ಗೊತ್ತಾಯಿತು. ಹತ್ತೊಂಬತ್ತರ ವಯಸ್ಸಿಗೆ ಬಡ್ಡಿಯ ದರ ಹೇಳಿದರೆ ಯಾರು ಕೇಳುತ್ತಾರೆ?

ಅವನನ್ನು ಚಾರ್ಕೋಪಿಗೆ ಕರಕೊಂಡು ಹೋದೆ. ಗೆಳೆಯ ಲೆಕ್ಕಗಿಕ್ಕ ಹೇಳಲಿಲ್ಲ. ಕುರ್ಚಿಯ ಕೈ ಹಿಡಿದು, ಮೆಲ್ಲಗೆ, ಎರಡು ಸಲ ಪ್ರಯತ್ನ ಮಾಡಿ ಎದ್ದು ನಿಂತ. ಹುಡುಗ ನೋಡುತ್ತಿದ್ದ. "ಊರಲ್ಲಿ ನಮ್ಮ ಮನೆಗೆ ಹೋಗಬೇಕಾದರೆ ತೋಟದಿಂದ ನಲವತ್ತೆರಡು ಮೆಟ್ಟಿಲು" ಎಂದ ಗೆಳೆಯ. "ನಾನು ಊರಿಗೆ ಹೋಗಿ ಐದು ವರ್ಷ ಆಯ್ತು. ಕಬಡ್ಡಿ ನನ್ನನ್ನು ಊರಿಂದ ಇಲ್ಲಿಗೆ ತಂತು, ಅದೇ ಕಬಡ್ಡಿ ವಾಪಸು ಹೋಗಲಿಕ್ಕೆ ಬಿಡಲಿಲ್ಲ. ಆದರೂ ಇನ್ನೊಂದು ಜನ್ಮ ಇದ್ದರೆ ಆಡ್ತೇನೆ ಮಾರಾಯಾ. ನೀನೂ ಆಡು. ಆದರೆ ಬಿಕಾಂ ಪರೀಕ್ಷೆ ಕಟ್ಟು. ದಾಳಿಗೆ ಹೋದವನು ಗೆರೆ ಮುಟ್ಟಿ ವಾಪಸು ಬಂದರೆ ಮಾತ್ರ ಅಂಕ, ತಿಳೀತಾ?"

ಹುಡುಗ ಆಯ್ಕೆಗೂ ಹೋದ, ಪರೀಕ್ಷೆಯನ್ನೂ ಬರೆದ. ಆ ವರ್ಷ ಆಯ್ಕೆಯಾಗಲಿಲ್ಲ, ಪರೀಕ್ಷೆ ಪಾಸಾಯಿತು. ಮತ್ತೆ ಹೋಗುತ್ತಾನಂತೆ.

ಹೊರನಾಡಿಗೆ ಬಂದ ನಾವೆಲ್ಲ ಒಂದು ರೀತಿಯ ದಾಳಿಗಾರರೇ. ಉಸಿರು ಬಿಗಿಹಿಡಿದು ಗೆರೆ ದಾಟಿ ಬಂದೆವು, ಮುಟ್ಟಿದಷ್ಟು ಮುಟ್ಟಿದೆವು. ನಾನು ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿ ಬರುತ್ತೇನೆ. ಹೋದಾಗಲೆಲ್ಲ ಗೆಳೆಯನ ಮನೆಯ ನಲವತ್ತೆರಡು ಮೆಟ್ಟಿಲು ಹತ್ತಿ, ಅವನ ಅಣ್ಣನನ್ನು ಮಾತಾಡಿಸಿ, ತೋಟದ ಒಂದೆರಡು ಎಳನೀರು ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. 1994ರಲ್ಲಿ ಬರೆಯದೆ ಬಿಟ್ಟ ಒಂದು ಸಾಲಿಗೆ ನಾನು ಕಟ್ಟುತ್ತಿರುವ ಬಡ್ಡಿ ಅದು. ಅಸಲು ಹಾಗೇ ಉಳಿದಿದೆ.